ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯುವವರ ಮೇಲೊಂದು ದೂರು

ಕಿಟಕಿ ಪಕ್ಕದ ಮೇಜಿನ ಎಡಮೂಲೆಯಲ್ಲಿ ಹನ್ನೊಂದು ವರ್ಷಗಳಿಂದ ವಿರಾಜಮಾನರಾಗಿರುವ, ಗಾತ್ರದಲ್ಲಿ ಒಂದು ಇಟ್ಟಿಗೆಯಷ್ಟೇ ಇದ್ದರೂ ಇಡೀ ವರ್ಕ್‌ಶಾಪಿನ ಮಾನವನ್ನು ಹೊತ್ತುಕೊಂಡಿರುವ ರುಬಿಡಿಯಂ ಆಸಿಲೇಟರ್ ಅವರಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ತಮ್ಮ ಹಸಿರು ದೀಪವನ್ನು ನೋಡಿ ತಿಳಿದುಕೊಂಡಿದ್ದೇನೆ. ಈ ಸಾಲು ಬರೆಯುವ ಮುಂಚೆ ಎರಡು ಸಲ, ಬರೆದ ಮೇಲೆ ಒಂದು ಸಲ ಎದ್ದು ಹೋಗಿ ನೋಡಿ ಬಂದಿದ್ದೇನೆ. ನನ್ನ ಕ್ಷೇಮ ವಿಚಾರಿಸುವ ಪದ್ಧತಿ ತಮ್ಮಲ್ಲಿ ಇಲ್ಲದಿರುವುದರಿಂದ ನಾನೇ ಹೇಳಿಬಿಡುತ್ತೇನೆ: ಕಳೆದ ಸೋಮವಾರದಿಂದ ಗುರುವಾರದವರೆಗೆ ನಾನು ಕ್ಷೇಮವಾಗಿರಲಿಲ್ಲ, ಅದಕ್ಕೆ ತಾವೇ ಕಾರಣ, ಆ ಕುರಿತೇ ಈ ಪತ್ರ. ಇದನ್ನು ತಮ್ಮ ಕಿವಿಯಲ್ಲಷ್ಟೇ ಹೇಳಬಹುದಿತ್ತು. ಆದರೆ ತಮಗೆ ಕಿವಿ ಇಲ್ಲದಿರುವುದರಿಂದಲೂ, ಇನ್ನೊಬ್ಬರು ಯಾರೋ ಇದನ್ನು ಓದಲಿ ಎಂಬ ಆಸೆ ನನಗಿರುವುದರಿಂದಲೂ, ಬಹಿರಂಗವಾಗಿ ಬರೆದು ವರ್ಕ್‌ಶಾಪಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ನಾನು ಏಳನೇ ತರಗತಿಯನ್ನು ಎರಡು ಸಲ ಓದಿ, ಎಂಟನೆಯದನ್ನು ಅರ್ಧ ಓದಿ, ಉಳಿದರ್ಧವನ್ನು ಶಾಲೆಯ ಕಾಂಪೌಂಡಿನ ಆಚೆಯಿಂದ ಕೇಳಿಸಿಕೊಂಡವನು. ಬರವಣಿಗೆಯಲ್ಲಿ ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಬೇಕು. ತಾವೋ, ಮುನ್ನೂರು ವರ್ಷ ನಡೆದರೂ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪದವರು ಎಂದು ತಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಬರೆದಿದೆ. ಮುನ್ನೂರು ವರ್ಷ ನಡೆಯುವವರು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ಬಾಗಿಲಲ್ಲಿ ನಿಂತು ಓದುತ್ತಿರುವವರಿಗಾಗಿ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡುವುದು ನನ್ನ ಕರ್ತವ್ಯ. ನಮ್ಮ ವರ್ಕ್‌ಶಾಪಿನಲ್ಲಿ ಟ್ಯಾಕ್ಸಿಗಳ, ಆಂಬುಲೆನ್ಸ್‌ಗಳ ವೈರ್‌ಲೆಸ್ ಸೆಟ್ಟುಗಳನ್ನು ಪರೀಕ್ಷೆ ಮಾಡಿ, ಪ್ರತಿಯೊಂದೂ ತನ್ನ ತನ್ನ ಫ್ರೀಕ್ವೆನ್ಸಿಯಲ್ಲೇ ಮಾತಾಡುತ್ತಿದೆ ಎಂದು ಮೊಹರು ಒತ್ತಿ ಕಳಿಸುತ್ತೇವೆ. ತಾವು ಬರುವ ಮುಂಚಿನ ಕಾಲದಲ್ಲಿ ಒಬ್ಬ ಟ್ಯಾಕ್ಸಿ ಚಾಲಕನ ಸೆಟ್ಟು ದಾರಿ ತಪ್ಪಿ, ಅವನು ತನ್ನ ಅತ್ತೆಯ ಬಗ್ಗೆ ಗೆಳೆಯನಿಗೆ ತೋಡಿಕೊಂಡ ದುಃಖವೆಲ್ಲ ಕಾಲು ಗಂಟೆ ಹೊತ್ತು ಊರಿನ ಮೂರು ಆಂಬುಲೆನ್ಸ್‌ಗಳಲ್ಲಿ ಕೇಳಿಸಿತಂತೆ. ಒಂದು ಆಂಬುಲೆನ್ಸಿನ ಚಾಲಕ ಮಧ್ಯೆ ಬಾಯಿ ಹಾಕಿ ಸಲಹೆಯನ್ನೂ ಕೊಟ್ಟನಂತೆ. ಇಂಥದ್ದು ಆಗಬಾರದೆಂದರೆ ಸೆಟ್ಟುಗಳನ್ನು ಅಳೆಯುವ ಯಂತ್ರ ಸರಿಯಿರಬೇಕು, ಆ ಯಂತ್ರ ಸರಿಯಿರಬೇಕಾದರೆ ಅದಕ್ಕೆ ತಾಳ ಹಾಕುವವರೊಬ್ಬರು ಬೇಕು, ಆ ತಾಳ ಹಾಕುವವರೇ ತಾವು. ಸೆಕೆಂಡಿಗೆ ಒಂದು ಕೋಟಿ ಸಲ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ತಮ್ಮ ಹೊಟ್ಟೆಯೊಳಗಿನ ವ್ಯವಸ್ಥೆಯನ್ನು ನಾನು ತಿಳಿದಷ್ಟು ಹೇಳುತ್ತೇನೆ. ಹೆಬ್ಬೆರಳಿನ ತುದಿಯಷ್ಟು ಒಂದು ಗಾಜಿನ ದೀಪ, ಅದರೊಳಗೆ ರುಬಿಡಿಯಂ ಎಂಬ ಲೋಹದ ಒಂದು ಚುಕ್ಕೆ. ಆ ದೀಪದ ಬೆಳಕು ಇನ್ನೊಂದು ಗಾಜಿನ ಬುರುಡೆಯ ಮೂಲಕ ಹಾಯುತ್ತದೆ, ಅದರಲ್ಲಿ ಅದೇ ಲೋಹದ ಆವಿ. ತಮ್ಮೊಳಗಿನ ಕ್ರಿಸ್ಟಲ್ ಎಂಬ ಮಿಡಿಯುವ ಹರಳು ಸರಿಯಾದ ಲೆಕ್ಕದಲ್ಲಿ ಮಿಡಿದಾಗ ಆ ಬೆಳಕು ಕೂದಲೆಳೆಯಷ್ಟು ಮಂಕಾಗುತ್ತದೆ. ಮಂಕಾದರೆ ಸರಿ, ಪ್ರಕಾಶಮಾನವಾದರೆ ತಪ್ಪು. ಆ ಮಂಕು ಕೈತಪ್ಪಿ ಹೋಗದಂತೆ ಹಗಲೂ ರಾತ್ರಿ ಹಿಡಿದುಕೊಂಡು ಕೂರುವುದೇ ತಮ್ಮ ಕಾಯಕ, ಹಿಡಿತ ಸಿಕ್ಕಿದೆ ಎಂದು ಲೋಕಕ್ಕೆ ಹೇಳುವುದೇ ಹಸಿರು ದೀಪ. ಹೀಗೆ ಮಂಕು ಬರುವುದನ್ನೇ ಕಾಯುತ್ತಾ, ಬಂದರೆ ಸಮಾಧಾನಪಟ್ಟುಕೊಳ್ಳುವ ಇನ್ನೊಬ್ಬರನ್ನು ನಾನು ಕನ್ನಡಿಯಲ್ಲಿ ಮಾತ್ರ ನೋಡಿದ್ದೇನೆ. ಅದಕ್ಕೇ ಇರಬೇಕು ತಾವೆಂದರೆ ನನಗೆ ಮೊದಲಿನಿಂದಲೂ ಒಂದು ಕೈ ಹೆಚ್ಚು ಪ್ರೀತಿ.

ಈಗ ದೂರಿಗೆ ಬರುತ್ತೇನೆ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ತೆಗೆದು, ವಾಡಿಕೆಯಂತೆ ಚೀಲ ಇಳಿಸುವುದಕ್ಕೂ ಮೊದಲು ತಮ್ಮ ಕಡೆ ನೋಡಿದರೆ ಹಸಿರು ಇಲ್ಲ. ಕಣ್ಣಿನ ದೋಷವಿರಬಹುದೆಂದು ಕನ್ನಡಕ ಒರೆಸಿಕೊಂಡೆ, ಕಿಟಕಿಯ ಬಿಸಿಲಿರಬಹುದೆಂದು ಅಂಗೈ ಮರೆ ಮಾಡಿದೆ, ಇನ್ನೇನೂ ತೋಚದೆ ತಮ್ಮ ಬೆನ್ನು ತಟ್ಟಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ತಮ್ಮ ಸ್ವಿಚ್ಚು ಆರಿಸಿದವನಲ್ಲ. ಆರಿಸಿದರೆ ಮತ್ತೆ ಏಳುತ್ತೀರೋ ಇಲ್ಲವೋ ಎಂಬ ಭಯಕ್ಕೆ ಮನೆಯವರೆಲ್ಲ ಸೇರಿ ಪ್ರವಾಸ ಹೋದಾಗಲೂ ನಾನು ಉಳಿದಿದ್ದೆ. ಅಷ್ಟು ಮಾಡಿಯೂ ಸಿಕ್ಕಿದ್ದು ಇದು.

ಮಾಲೀಕರು ಒಂಬತ್ತಕ್ಕೆ ಬಂದರು, ನೋಡಿದರು, ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಮೆಲ್ಲಗೆ, "ಗುರುವಾರ ಹನ್ನೊಂದಕ್ಕೆ ಪರಿವೀಕ್ಷಕರು ಬರ್ತಾರೆ. ಅಷ್ಟರಲ್ಲಿ ಹಸಿರು ಬಂದ್ರೆ ಸರಿ, ಇಲ್ಲಾಂದ್ರೆ ನಮ್ಮ ಮೊಹರು ಹೋಯ್ತು. ಮೊಹರು ಹೋದ್ಮೇಲೆ ಈ ಮೇಜು ಇಟ್ಕೊಂಡು ನಾನೇನ್ ಮಾಡ್ಲಿ ಹೇಳಿ," ಎಂದರು. ಮೇಜು ಎಂದರೆ ಅವರ ಭಾಷೆಯಲ್ಲಿ ನಾನು. ಈ ಮೇಜನ್ನು ಬಿಟ್ಟರೆ ಎಂಟನೇ ತರಗತಿ ಅರ್ಧ ಓದಿದ, ಐವತ್ತಾರು ತುಂಬಿದ ಮನುಷ್ಯನನ್ನು ಕೂರಿಸಿಕೊಳ್ಳುವ ಇನ್ನೊಂದು ಮೇಜು ಈ ಊರಿನಲ್ಲಿಲ್ಲ. ಇದು ತಮಗೂ ಗೊತ್ತಿತ್ತು. ಗೊತ್ತಿದ್ದೂ ಸೋಮವಾರವನ್ನೇ ಆರಿಸಿಕೊಂಡ ತಮ್ಮ ಸಮಯಪ್ರಜ್ಞೆಯನ್ನು ಮೆಚ್ಚದೆ ವಿಧಿಯಿಲ್ಲ. ಸಮಯದ ವಿಷಯದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಕೈಪಿಡಿಯಲ್ಲಿ ಸುಮ್ಮನೆ ಬರೆದಿಲ್ಲ.

ಮುಂದಕ್ಕಾದರೂ ತಾವು ಕೆಲವು ನಿಯಮಗಳನ್ನು ಪಾಲಿಸುವಿರೆಂದು ನಂಬಿದ್ದೇನೆ. ಕೆಡುವ ಇಚ್ಛೆಯಿದ್ದಲ್ಲಿ ಮೂರು ತಿಂಗಳು ಮುಂಚಿತವಾಗಿ, ಅದು ಕಷ್ಟವಾದರೆ ಒಂದು ವಾರ ಮುಂಚಿತವಾಗಿಯಾದರೂ ತಿಳಿಸತಕ್ಕದ್ದು. ಬರೆಯಲು ಕೈಯಿಲ್ಲದಿದ್ದರೆ ಕೆಮ್ಮಿದರೂ ಸಾಕು. ಮುಷ್ಕರ ಹೂಡುವುದಾದರೆ ಒಂದೇ ಏಟಿಗೆ ನಿಲ್ಲದೆ, ಮೊದಲು ಕೋಟಿಗೆ ಒಂದು ಕಡಿಮೆ, ಆಮೇಲೆ ಎರಡು ಕಡಿಮೆ, ಹೀಗೆ ಮರ್ಯಾದಸ್ಥರಂತೆ ಇಳಿಯತಕ್ಕದ್ದು. ಪರಿವೀಕ್ಷಣೆ ಇರುವ ವಾರದಲ್ಲಿ ಕೆಡುವ ಹಕ್ಕನ್ನು ನನಗೆ ಬಿಟ್ಟುಕೊಡತಕ್ಕದ್ದು, ಏಕೆಂದರೆ ಆ ವಾರ ನನಗೆ ಹೇಗೂ ಹೊಟ್ಟೆ ಕೆಟ್ಟಿರುತ್ತದೆ.

ತಮ್ಮ ವಯಸ್ಸನ್ನು ನಾನು ಮರೆತಿಲ್ಲ. ನಮ್ಮಲ್ಲಿಗೆ ಬರುವ ಮುಂಚೆ ಒಂದು ಟೆಲಿಫೋನ್ ಗೋಪುರದ ಬುಡದಲ್ಲಿ ಹನ್ನೆರಡು ವರ್ಷ ದುಡಿದು, ನಿವೃತ್ತರಾಗಿ, ಗುಜರಿ ಅಂಗಡಿಯ ಕಪಾಟಿನಲ್ಲಿ ಕೂತಿದ್ದವರನ್ನು ನಮ್ಮ ಹಳೆ ಮೇಸ್ತ್ರಿಗಳು ಎತ್ತಿಕೊಂಡು ಬಂದರು. ನನಗೆ ಬೆಸುಗೆ ಹಾಕಲು ಕಲಿಸಿದ್ದೂ ಅವರೇ. ಇಂಥ ದೀಪಕ್ಕೆ ಹತ್ತು ವರ್ಷ ಆಯುಷ್ಯ, ಅದೃಷ್ಟವಿದ್ದರೆ ಹದಿನೈದು, ಮೈ ತಂಪಾಗಿದ್ದರೆ ಇಪ್ಪತ್ತು ದಾಟಿದರೂ ದಾಟೀತು ಎಂದು ಅವರು ಆಗಲೇ ಹೇಳಿದ್ದರು. ಮೈ ತಂಪಾಗಿದ್ದರೆ ಎಂಬ ಮಾತಿಗೆ ಆಮೇಲೆ ಬರುತ್ತೇನೆ. ಬರುವ ಆತುರ ನನಗಿಲ್ಲ.

ಮೇಸ್ತ್ರಿಗಳು ಈಗ ಕೆಲಸ ಬಿಟ್ಟು ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಸೋಮವಾರ ಮಧ್ಯಾಹ್ನ ಅವರಿಗೆ ಫೋನು ಮಾಡಿ ತಮ್ಮ ರೋಗಲಕ್ಷಣಗಳನ್ನೆಲ್ಲ ಕೂಗಿ ಹೇಳಿದೆ. ಗೋಡೆಯಾಚೆ ನನ್ನ ಅಕ್ಕನ ಹೆಂಗಸರ ಕ್ಷೌರದ ಅಂಗಡಿಯಿದೆ. ಅಲ್ಲಿ ಕೂದಲು ಕತ್ತರಿಸಿಕೊಳ್ಳುತ್ತಿದ್ದವರೆಲ್ಲ ಯಾರೋ ಹತ್ತಿರದವರಿಗೆ ಸೀರಿಯಸ್ಸಾಗಿದೆ ಎಂದುಕೊಂಡು, ಪಾಪ, ಮಾತು ನಿಲ್ಲಿಸಿದರಂತೆ. ಮೇಸ್ತ್ರಿಗಳು ಎಲ್ಲ ಕೇಳಿ, "ದೀಪ ಸತ್ತಿಲ್ಲ ಕಣೋ. ಒಳಗಿನ ಲೋಹ ತನ್ನ ಮೂಲೆ ಬಿಟ್ಟು ಗಾಜಿಗೆಲ್ಲ ಮೆತ್ಕೊಂಡಿದೆ. ಬಿಸಿ ತೋರಿಸಿ ವಾಪಸ್ ಮೂಲೆಗೆ ಓಡಿಸು," ಎಂದರು. ಆಮೇಲೆ ಕೇಳಿದರು: "ಅದು ಸರಿ, ಯಾಕೆ ಹಂಗಾಯ್ತು? ಮೈ ಬಿಸಿಯಾಗೋ ಹಾಗೆ ಏನಾದ್ರೂ ಮಾಡಿದ್ಯಾ?"

ನಾನು "ಇಲ್ಲ" ಎಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ, ಗೋಡೆಯಾಚೆಯ ಅಂಗಡಿಗೂ ಕೇಳುವಂತೆ "ಇಲ್ಲ" ಎಂದು ಕೂಗಿದೆ. ಒಂದೇ ಸುಳ್ಳನ್ನು ಎರಡು ಸಲ, ಎರಡನೇ ಸಲ ಇನ್ನೂ ದೊಡ್ಡದಾಗಿ ಹೇಳಬೇಕಾದ ಕಷ್ಟ ಯಾರಿಗೂ ಬೇಡ. "ಹಾಗಾದ್ರೆ ಅದರ ಹಣೆಬರಹ ಬಿಡು," ಎಂದು ಅವರು ಫೋನಿಟ್ಟರು.

ಮಾನ್ಯರೇ, ಆ ಹೊತ್ತಿನಲ್ಲಿ ತಾವು ಏನು ತೊಟ್ಟುಕೊಂಡು ಕೂತಿದ್ದಿರಿ ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ಸ್ವೆಟರ್.

ಓದುವವರು ನಗಬಾರದು, ನಕ್ಕರೂ ಪೂರ್ತಿ ಓದಿ ನಗಬೇಕು. ತಾವು ಬಂದ ಮೊದಲ ಚಳಿಗಾಲದಲ್ಲಿ, ಮೇಸ್ತ್ರಿಗಳು ಕೆಲಸ ಬಿಟ್ಟು ಹೋದ ಮರುವಾರವೇ, ಕರೆಂಟು ಹೋಗಿ ಬಂದಾಗ ತಮಗೆ ಹಸಿರು ತೋರಿಸಲು ಹನ್ನೆರಡು ನಿಮಿಷ ಹಿಡಿಯಿತು. ಮುಂಚೆ ಐದು ಹಿಡಿಯುತ್ತಿತ್ತು. "ಇದರ ಹೊಟ್ಟೆಯಲ್ಲೊಂದು ಒಲೆ ಇದೆ, ಅದು ಬಿಸಿಯಾಗದೆ ಇದು ಕೆಲಸ ಮಾಡಲ್ಲ" ಎಂದು ಮೇಸ್ತ್ರಿಗಳು ಹೇಳಿದ್ದು ನೆನಪಾಯಿತು. ಒಳಗೆ ಬಿಸಿ, ಹೊರಗೆ ತಂಪು ಎಂಬುದು ಅವರ ಪೂರ್ತಿ ಮಾತು. ನಾನು ಅದನ್ನೂ ಎಂಟನೇ ತರಗತಿಯ ಹಾಗೆ ಅರ್ಧಕ್ಕೇ ಬಿಟ್ಟಿದ್ದೆ. ತಮ್ಮ ಕೆಳಗಿದ್ದ ದಪ್ಪ ಅಲ್ಯೂಮಿನಿಯಂ ಹಲಗೆಯನ್ನು ಮುಟ್ಟಿ ನೋಡಿದರೆ ಹಿಮದಂತೆ ತಣ್ಣಗಿತ್ತು. ಇಂಥದ್ದರ ಮೇಲೆ ಯಾರು ತಾನೇ ಕೂತಾರು ಎಂದು ಮರುಕಪಟ್ಟು, ನಾಲ್ಕು ಸ್ಕ್ರೂ ಬಿಚ್ಚಿ, ಅದನ್ನು ಮೇಜಿನಡಿಗೆ ತಳ್ಳಿ, ತಮಗೆ ಒಂದು ರಬ್ಬರಿನ ಹಾಸು ಹಾಸಿಕೊಟ್ಟೆ. ತಮ್ಮ ಮೈಯ ಬಿಸಿಯನ್ನು ಹೀರಿಕೊಂಡು ತಮ್ಮನ್ನು ಬದುಕಿಸಲೆಂದೇ ಆ ಹಲಗೆಯನ್ನು ಕೊಟ್ಟಿದ್ದರು ಎಂದು ಈಗ ಗೊತ್ತಾಗಿದೆ.

ಆಮೇಲೆ ಅಕ್ಕನ ಹತ್ತಿರ ಹೋದೆ. ಅವಳು ಬಾಟಲಿ ಹಸಿರು ಬಣ್ಣದ ಉಣ್ಣೆಯಲ್ಲಿ, ಹಿಂದೆ ಎರಡು ವೈರಿಗೆ ಎರಡು ತೂತು, ಮುಂದೆ ದೀಪ ಕಾಣಲು ಒಂದು ಸಣ್ಣ ತೂತು ಬಿಟ್ಟು, ಅಚ್ಚುಕಟ್ಟಾಗಿ ಹೆಣೆದು ಕೊಟ್ಟಳು. "ಪೆಟ್ಟಿಗೆಗೆ ಸ್ವೆಟರ್ ಹಾಕಿದ ವಂಶ ನಮ್ದೊಂದೇ ಇರ್ಬೇಕು ಕಣೋ," ಎಂದಿದ್ದಳು. ತೊಡಿಸಿದ ಮೇಲೆ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದೇ ತಮಗೂ ಆಯಿತೆಂದು ತಿಳಿದುಕೊಂಡೆ. ಹನ್ನೊಂದು ವರ್ಷ ಬೆಳಗಿನ ಚಹಾದ ಲೋಟವನ್ನು ತಮ್ಮ ತಲೆಯ ಮೇಲೆ ಇಡುತ್ತಿದ್ದೆ, ಮಧ್ಯಾಹ್ನದ ಊಟದವರೆಗೂ ಅದು ಆರುತ್ತಿರಲಿಲ್ಲ. ಅದನ್ನು ನಾನು ತಮ್ಮ ಸೌಜನ್ಯವೆಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದೆ. ತಾವು ಒಳಗೊಳಗೇ ಬೇಯುತ್ತಿದ್ದಿರಿ.

ಮೈಯ ಬಿಸಿ ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂದು ಕೈಪಿಡಿಯ ನಲವತ್ತನೇ ಪುಟದಲ್ಲಿದೆ. ನಾನು ಯಾವ ಪುಸ್ತಕವನ್ನು ತಾನೇ ನಲವತ್ತನೇ ಪುಟದವರೆಗೆ ಓದಿದ್ದೇನೆ? ಆದರೂ ತಮ್ಮನ್ನು ಕೇಳದೆ ಇರಲಾರೆ: ಕೋಟಿ ಸಲ ಮಿಡಿಯುವವರು ಅದರಲ್ಲಿ ಒಂದೇ ಒಂದು ಸಲ "ಸೆಖೆ" ಎನ್ನಬಾರದಿತ್ತೇ? ಆ ಸ್ವೆಟರ್ ಕಿತ್ತು ನನ್ನ ಮುಖದ ಮೇಲೆ ಎಸೆಯಬಾರದಿತ್ತೇ? ಇಷ್ಟು ಸಹನೆ ಯಾರಿಗೂ ಒಳ್ಳೆಯದಲ್ಲ. ತಮ್ಮ ಸಹನೆಯೇ ನನ್ನ ದೂರಿನ ಮುಖ್ಯ ಅಂಶ ಎಂದು ತಿಳಿಯತಕ್ಕದ್ದು.

ಮಂಗಳವಾರ ತಮ್ಮನ್ನು ಬಿಚ್ಚಿದೆ. ಒಳಗೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಒಂಬತ್ತು ಕೆಪಾಸಿಟರ್‌ಗಳು ಹಲ್ಲುನೋವಿನವರ ಕೆನ್ನೆಯಂತೆ ಉಬ್ಬಿ ಕೂತಿದ್ದವು. ಒಂದೊಂದನ್ನೇ ಕಿತ್ತು, ಒಂದೊಂದಕ್ಕೂ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹೊಸದನ್ನು ಬೆಸೆದೆ. ಬುಧವಾರ ಒಳಗಿನ ಗಾಜಿನ ದೀಪವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕನ ಅಂಗಡಿಗೆ ಹೋದೆ, ಏಕೆಂದರೆ ಬಿಸಿಗಾಳಿ ಬೇಕಿತ್ತು, ಬೀದಿಯಲ್ಲೆಲ್ಲ ಜೋರಾದ ಹೇರ್ ಡ್ರೈಯರ್ ಅವಳದೇ. ಅದನ್ನು ಅವಳು ಇನ್ನೊಬ್ಬರ ಕೈಗೆ ಕೊಡುವವಳಲ್ಲ. ಅರ್ಧ ಕೂದಲು ಕತ್ತರಿಸಿದ ಗಿರಾಕಿಯೊಬ್ಬರನ್ನು ಹಾಗೇ ಕೂರಿಸಿ, ನಾನು ಚಿಮಟದಲ್ಲಿ ದೀಪ ಹಿಡಿದು ಅದರ ತುದಿಗೆ ಒದ್ದೆಬಟ್ಟೆ ತಾಗಿಸಿಕೊಂಡಿರಲು, ಅವಳು ಗಾಜಿಗೆ ಬಿಸಿಗಾಳಿ ಹಿಡಿದಳು. ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ ಗಾಜಿಗೆಲ್ಲ ಬೆಳ್ಳಗೆ ಮೆತ್ತಿಕೊಂಡಿದ್ದ ಲೋಹ ನಿಧಾನವಾಗಿ ಸರಿದು ಸರಿದು, ತಣ್ಣಗಿದ್ದ ತುದಿಯಲ್ಲಿ ಮತ್ತೆ ಒಂದು ಚುಕ್ಕೆಯಾಗಿ ಕೂತಿತು. "ಮದುವಣಗಿತ್ತಿ ತಲೆಗೂ ನಾನು ಇಷ್ಟು ಹೊತ್ತು ಹಿಡಿದಿಲ್ಲ," ಎಂದಳು ಅಕ್ಕ. ಅರ್ಧ ಕೂದಲಿನ ಗಿರಾಕಿ ಎದ್ದು ಬಂದು, ಎಲ್ಲಿ ನೋಡೋಣ ಎಂದು ಇಣುಕಿ, ಇಷ್ಟೇನಾ ಎಂದರು.

ದೀಪವನ್ನು ಮತ್ತೆ ತಮ್ಮೊಳಗೆ ಕೂರಿಸಿದಾಗ ಅದು ತಿಳಿ ನೇರಳೆ ಬಣ್ಣದಲ್ಲಿ ಹತ್ತಿಕೊಂಡಿತು, ಹಸಿರು ಮಾತ್ರ ಬರಲಿಲ್ಲ. ತಮ್ಮ ಕ್ರಿಸ್ಟಲ್ ವಯಸ್ಸಾಗಿ ಜರುಗಿತ್ತು. ಅದನ್ನು ದಾರಿಗೆ ತರಲು ಪಕ್ಕದ ತೂತಿನೊಳಗಿನ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಬೇಕಿತ್ತು. ಹೆಚ್ಚಾದರೆ ಗೋವಿಂದ. ನಾನು ಸ್ಕ್ರೂಡ್ರೈವರನ್ನು ಮೂರು ಸಲ ತೂತಿಗಿಟ್ಟು ಮೂರು ಸಲ ತೆಗೆದದ್ದನ್ನು ನೋಡಿ, ನನ್ನ ಜೊತೆಗೇ ವರ್ಕ್‌ಶಾಪಿಗೆ ಬಂದಿದ್ದ ಅಕ್ಕ, "ಉಸಿರು ಪೂರ್ತಿ ಬಿಟ್ಬಿಡು, ಆಮೇಲೆ ತಿರುಗಿಸು. ನಾನು ಕಿವಿ ಹತ್ರ ಕತ್ತರಿ ಹಾಕೋದು ಹಾಗೇನೇ," ಎಂದಳು. ಉಸಿರು ಬಿಟ್ಟೆ, ತಿರುಗಿಸಿದೆ. ಏಳನೇ ನಿಮಿಷಕ್ಕೆ ಹಸಿರು ಬಂತು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ತಮ್ಮನ್ನು ಅಲ್ಯೂಮಿನಿಯಂ ಹಲಗೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದು, ಸ್ವೆಟರನ್ನು ಮಡಚಿ ಶೆಲ್ಫಿನ ಮೇಲಿಟ್ಟೆ. ಬಚ್ಚಿಡಬೇಕಿತ್ತು. ಬಚ್ಚಿಡುವಷ್ಟು ಬುದ್ಧಿ ಆಗ ಇರಲಿಲ್ಲ.

ಗುರುವಾರ ಸರಿಯಾಗಿ ಹನ್ನೊಂದಕ್ಕೆ ಪರಿವೀಕ್ಷಕರು ಬಂದರು. ಸಣಕಲು ಮೈಯ, ಯಾವುದನ್ನೂ ಎರಡು ಸಲ ಹೇಳದ ಹೆಂಗಸು. ತಮ್ಮ ಹಸಿರು ದೀಪವನ್ನು ನೋಡಿ, ಆರಿಸಿ ಮತ್ತೆ ಹಚ್ಚಿ ಎಂದರು. ಹನ್ನೊಂದು ವರ್ಷ ನಾನು ಯಾವುದಕ್ಕೆ ಹೆದರಿ ಪ್ರವಾಸ ಬಿಟ್ಟಿದ್ದೆನೋ ಅದನ್ನು ಅವರು ಚಹಾ ಬೇಕೇ ಎಂದು ಕೇಳಿದಷ್ಟು ಸಲೀಸಾಗಿ ಹೇಳಿದರು. ಆರಿಸಿದೆ. ಹಚ್ಚಿದೆ. ಅವರು ಗಡಿಯಾರ ನೋಡಿಕೊಂಡು ಕೂತರು.

ಐದನೇ ನಿಮಿಷ ದಾಟಿತು, ಹಸಿರಿಲ್ಲ. ಆರನೇ ನಿಮಿಷದಲ್ಲಿ ಅವರು, ನಮ್ಮ ರಿಪೇರಿ ಪುಸ್ತಕದಲ್ಲಿ ಮಂಗಳವಾರದ ಸಾಲನ್ನು ನೋಡಿ, ಕೆಟ್ಟಿದ್ದಕ್ಕೆ ಕಾರಣ ಏನೆಂದು ಫಾರಂ ತೆಗೆದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಮಾಲೀಕರು, ವಯಸ್ಸಾಯ್ತಲ್ಲ ಮೇಡಂ, ಹಳೇ ಮಾಲು ಎಂದರು. ಎಷ್ಟು ಸುಲಭವಾದ ಉತ್ತರ! ನಿಜ ಹೇಳಿದರೆ ಮೇಜು ಹೋಗುತ್ತದೆ, ಸುಮ್ಮನಿದ್ದರೆ ತಮ್ಮ ವಯಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು, ತಾವು ಎದುರಾಡುವವರಲ್ಲ. ಆದರೆ ಪರಿವೀಕ್ಷಕರು ಅದನ್ನು ಬರೆಯಲಿಲ್ಲ. ಎದ್ದು ಹೋಗಿ ಶೆಲ್ಫಿನ ಮೇಲಿದ್ದ ಸ್ವೆಟರನ್ನು ಬಿಡಿಸಿ ಹಿಡಿದರು. ಹಿಂದಿನ ಎರಡು ತೂತು ನೋಡಿದರು, ಮುಂದಿನ ಒಂದು ತೂತು ನೋಡಿದರು, ತಮ್ಮ ವೈರುಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನಾನೇ ತೊಡಿಸಿದ್ದು ಮೇಡಂ. ಹನ್ನೊಂದು ವರ್ಷದಿಂದ," ಎಂದೆ. ಮಾಲೀಕರು ಕಿಟಕಿಯ ಕಡೆ ತಿರುಗಿಕೊಂಡರು. ಪರಿವೀಕ್ಷಕರು ಏನನ್ನೋ ಬರೆಯತೊಡಗಿದರು. ಅಷ್ಟು ಉದ್ದ ಬರೆಯುವುದನ್ನು ನೋಡಿ, ನನ್ನ ಕಥೆ ಮುಗಿಯಿತೆಂದು ನಾನು ಮೇಜಿನ ಮೇಲಿದ್ದ ನನ್ನ ಸ್ವಂತದ ಸ್ಕ್ರೂಡ್ರೈವರುಗಳನ್ನು ಒಂದು ಕಡೆ ಜೋಡಿಸಿಟ್ಟುಕೊಂಡೆ. ಎಂಟನೇ ನಿಮಿಷಕ್ಕೆ ತಾವು ಹಸಿರಾದಿರಿ. ನೋಡಿದವನು ನಾನೊಬ್ಬನೇ, ಉಳಿದಿಬ್ಬರಿಗೂ ನಾನೇ ಬೆರಳು ಮಾಡಿ ತೋರಿಸಬೇಕಾಯಿತು.

ಪರಿವೀಕ್ಷಕರು ಅರ್ಧ ಗಂಟೆ ಅಳೆದರು. ಮೊಹರನ್ನು ಆರು ತಿಂಗಳಿಗೆ ಮಾತ್ರ ಮುಂದುವರಿಸಿ, ಒಂದು ಷರತ್ತು ಹಾಕಿದರು: ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ತಮ್ಮ ಮೈಯ ಬಿಸಿಯನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು, ಪ್ರತಿದಿನವೂ ಒಬ್ಬರೇ ಹಾಕಬೇಕು. ಯಾರು ಎಂದು ಮಾಲೀಕರು ಕೇಳಿದರು. ಈ ಯಂತ್ರದ ಬಗ್ಗೆ ಅತಿ ಹೆಚ್ಚು ಚಿಂತೆ ಮಾಡುವವರು ಯಾರೋ ಅವರು ಎಂದು ಹೇಳಿ, ಪೆನ್ನಿನಿಂದ ನನ್ನ ಕಡೆ ತೋರಿಸಿದರು. ಹೊರಡುವಾಗ ಸ್ವೆಟರನ್ನು ನನ್ನ ಕೈಗೆ ಕೊಟ್ಟು, "ಚಳಿಯಾದ್ರೆ ನೀವು ಹಾಕ್ಕೊಳ್ಳಿ. ಅದಕ್ಕೆ ಬೇಡ," ಎಂದರು.

ಹೀಗೆ ಐವತ್ತಾರು ವರ್ಷ ಎಲ್ಲರೂ ಬಿಡು ಬಿಡು ಎಂದ ನನ್ನ ಚಿಂತೆಗೆ ಈಗ ಗೆರೆ ಹೊಡೆದ ಪುಸ್ತಕ, ಸಹಿ, ದಿನಾಂಕ ಎಲ್ಲ ಬಂದಿವೆ. ಚಿಂತೆ ಮಾಡದಿದ್ದರೆ ಕೆಲಸ ಹೋಗುತ್ತದೆ, ಇದಕ್ಕಿಂತ ಭಾಗ್ಯ ಯಾವುದಿದೆ? ಇಂದು ಬೆಳಿಗ್ಗೆ ತಮ್ಮ ಮೈ ನಲವತ್ತೊಂದು ಡಿಗ್ರಿ. ಚಹಾ ಹತ್ತು ನಿಮಿಷಕ್ಕೆ ಆರಿಹೋಗುತ್ತಿದೆ, ಆರಿದ್ದನ್ನೇ ಕುಡಿಯುತ್ತಿದ್ದೇನೆ.

ಇಷ್ಟಾದ ಮೇಲೂ ದೂರನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಪರಿವೀಕ್ಷಕರ ಮುಂದೆ ನಿಜ ಹೇಳಿದ್ದಾಯಿತು, ಆದರೆ ಮೇಸ್ತ್ರಿಗಳಿಗೆ ಎರಡು ಸಲ ಕೂಗಿದ "ಇಲ್ಲ" ಇನ್ನೂ ಹಾಗೇ ಇದೆ. ಫೋನಿನಲ್ಲಿ ತಿದ್ದೋಣವೆಂದರೆ ಅವರಿಗೆ ಕೇಳಿಸುವುದಿಲ್ಲ ಎಂಬುದು ನನ್ನ ನೆಪ. ಅವರಿಗೆ ಕಣ್ಣು ಚೆನ್ನಾಗಿದೆ. ಆದ್ದರಿಂದ ಈ ಪತ್ರವನ್ನು ತಮ್ಮ ಹೆಸರಿಗೆ ಬರೆದು, ಒಂದು ಪ್ರತಿಯನ್ನು ಅವರ ವಿಳಾಸಕ್ಕೆ ಹಾಕುತ್ತಿದ್ದೇನೆ. ಹಣೆಬರಹ ತಮ್ಮದಾಗಿರಲಿಲ್ಲ, ಉಣ್ಣೆ ನನ್ನದಾಗಿತ್ತು ಎಂಬುದನ್ನು ಅವರು ತಿಳಿಯಲಿ.

ಪ್ರತಿದಿನ ಎಂಟಕ್ಕೆ ತಮ್ಮ ಮೈ ಮುಟ್ಟಿ ನೋಡಿ ಸಹಿ ಹಾಕಲು ನೇಮಕಗೊಂಡಿರುವ,
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮೇಜಿನವನು

ತಾ.ಕ.: ತಮ್ಮ ಜಾಗಕ್ಕೆಂದು ಮಾಲೀಕರು ಸೋಮವಾರವೇ ಅವಸರದಿಂದ ತರಿಸಿದ, ಆಕಾಶದ ಉಪಗ್ರಹಗಳನ್ನು ಕೇಳಿ ಸಮಯ ಹೇಳುವ ಹೊಸ ಪೆಟ್ಟಿಗೆ ತಮ್ಮ ಬಲಕ್ಕೇ ಕೂತಿದೆ. ನಮ್ಮ ಕಿಟಕಿಯಿಂದ ಎದುರುಮನೆಯ ಗೋಡೆ ಬಿಟ್ಟು ಇನ್ನೇನೂ ಕಾಣದಿರುವುದರಿಂದ, ಪಾಪ, ಅದು ಇವತ್ತಿಗೂ ಆಕಾಶವನ್ನು ಹುಡುಕುತ್ತಲೇ ಇದೆ. ಅದನ್ನು ನೋಡಿ ತಾವು ಜಂಬಪಡಬಾರದು. ಗುಜರಿ ಅಂಗಡಿಯಲ್ಲಿ ತಮ್ಮದೇ ಜಾತಿಯ ಇನ್ನೊಬ್ಬರಿದ್ದಾರೆ, ತಮಗಿಂತ ಒಂಬತ್ತು ವರ್ಷ ಚಿಕ್ಕವರು, ಹೇರ್ ಡ್ರೈಯರ್ ಇಲ್ಲದೆಯೇ ಹೊತ್ತಿಕೊಳ್ಳುತ್ತಾರೆ. ನಾನು ನೋಡಿಕೊಂಡು ಬಂದಿದ್ದೇನೆ. ಸ್ವೆಟರನ್ನು ಬಿಚ್ಚಿ ಅಕ್ಕ ನನಗೊಂದು ಟೋಪಿ ಹೆಣೆಯುತ್ತಿದ್ದಾಳೆ. ಹಳೆಯ ಅಭ್ಯಾಸದಿಂದ ಅದರಲ್ಲೂ ಮೂರು ತೂತು ಬಿಟ್ಟಿದ್ದಾಳೆ.